ಭೌತಶಾಸ್ತ್ರ ಓದಿದವರು ವಸ್ತುವಿಜ್ಞಾನಕ್ಕೆ ಬರುವುದು: ಅನುಭವ ಹಂಚಿಕೆ

ಪ್ರಶ್ನೆ: ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ, ವಸ್ತುವಿಜ್ಞಾನದಲ್ಲಿ ಸಂಶೋಧನೆ ಮಾಡುವ ಆಸೆಯಿದೆ. ರಸಾಯನಶಾಸ್ತ್ರ, ಲೋಹಶಾಸ್ತ್ರ ಬಲ್ಲವರ ನಡುವೆ ನನ್ನಂಥವರಿಗೆ ಜಾಗವಿದೆಯೇ? ಮೊದಲು ಏನು ಕಲಿಯಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ (ತೆಳುಪದರಗಳ ಸಂಶೋಧಕರಿಂದ):
ಖಂಡಿತ ಇದೆ. ನೀಲಿ ಎಲ್‌ಇಡಿಯ ಚರಿತ್ರೆಯನ್ನೇ ನೋಡಿ. ಅದರ ಮೂಲವಸ್ತುವಾದ ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕಕ್ಕೆ ಮೆಗ್ನೀಷಿಯಂ ಬೆರೆಸಿದರೂ ಪಿ-ಟೈಪ್ ವಾಹಕತೆ (ಎಲೆಕ್ಟ್ರಾನ್‌ಗಳ ಖಾಲಿ ಜಾಗಗಳು ಧನಾವೇಶದಂತೆ ಚಲಿಸಿ ವಿದ್ಯುತ್ ಒಯ್ಯುವ ಗುಣ) ಬಹುಕಾಲ ಕೈಗೂಡಲಿಲ್ಲ. 1989ರಲ್ಲಿ ಜಪಾನಿನ ವಿಜ್ಞಾನಿಗಳಾದ ಅಕಸಾಕಿ ಮತ್ತು ಅಮಾನೊ ಎಲೆಕ್ಟ್ರಾನ್ ಕಿರಣ ಹಾಯಿಸಿ ಅದನ್ನು ಸಾಧಿಸಿದರು. ಪದರ ಬೆಳೆಯುವಾಗ ಒಳಸೇರುವ ಜಲಜನಕವೇ ಮೆಗ್ನೀಷಿಯಂ ಅನ್ನು ಕಟ್ಟಿಹಾಕುತ್ತದೆಂದು 1992ರಲ್ಲಿ ಜಪಾನಿನವರೇ ಆದ ನಕಮುರ ಅವರ ತಂಡ ಕಂಡುಕೊಂಡ ಮೇಲೆ, ಸಾರಜನಕದಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸುವ ಸರಳ ವಿಧಾನಕ್ಕೆ ಕಾರಣವೂ ಸ್ಪಷ್ಟವಾಯಿತು. ಈ ಮೂವರಿಗೆ 2014ರಲ್ಲಿ ದೊರೆತದ್ದು ಭೌತಶಾಸ್ತ್ರದ ನೊಬೆಲ್. ಕುಲುಮೆಯ ಪಕ್ಕದಲ್ಲಿ ನಿಂತು ‘ಏಕೆ’ ಎಂದು ಬಿಡದೆ ಕೇಳುವವರೇ ನಮ್ಮ ಕ್ಷೇತ್ರಕ್ಕೆ ಬೇಕು.

ಆದರೆ ಬೇರೆಯವರು ಮಾಡಿಕೊಟ್ಟ ಸ್ಯಾಂಪಲ್ ಅಳೆಯುವುದಕ್ಕಷ್ಟೇ ನಿಂತರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಯಾವ ಶಾಖ, ಯಾವ ಮಿಶ್ರಣದಲ್ಲಿ ವಸ್ತು ಯಾವ ರೂಪದಲ್ಲಿರುತ್ತದೆಂದು ತೋರಿಸುವ ಪ್ರಾವಸ್ಥಾ ನಕ್ಷೆಗಳನ್ನು ಓದಲು ಕಲಿಯಿರಿ, ಸ್ಯಾಂಪಲ್ ಅನ್ನು ನೀವೇ ತಯಾರಿಸಿ, ಅದು ಯಾವ ಶಾಖದಲ್ಲಿ ಎಷ್ಟು ಹೊತ್ತು ಇತ್ತು, ಹೇಗೆ ತಣಿಯಿತು ಎಂಬುದನ್ನೆಲ್ಲ ಬರೆದಿಡಿ. ಕ್ಷ-ಕಿರಣ ಹಾಯಿಸಿ ಹರಳಿನ ರಚನೆ ತಿಳಿಯುವ ಕ್ಷ-ಕಿರಣ ವಿವರ್ತನೆಯಲ್ಲಿ ಪುಡಿಯ ಮಟ್ಟ ಕೂದಲೆಳೆಯಷ್ಟು ಏರುಪೇರಾದರೂ ಶೃಂಗಗಳೆಲ್ಲ (ಕಿರಣ ಪ್ರಬಲವಾಗಿ ಚದುರುವ ಕೋನಗಳು) ಸರಿಯುತ್ತವೆ. ಅದನ್ನೇ ಜಾಲಕದ (ಪರಮಾಣುಗಳ ಕ್ರಮಬದ್ಧ ಜೋಡಣೆಯ) ಹಿಗ್ಗುವಿಕೆ ಎಂದು ಭಾವಿಸುವ ಅಪಾಯವಿದೆ. ಸ್ವಲ್ಪ ಶುದ್ಧ ಸಿಲಿಕಾನ್ ಪುಡಿ ಬೆರೆಸಿ, ತಾಮ್ರದಿಂದ ಹೊಮ್ಮುವ ಕ್ಷ-ಕಿರಣಕ್ಕೆ ಅದರ ಮೊದಲ ಶೃಂಗ 28.44 ಡಿಗ್ರಿಯಲ್ಲಿ ಬಂದಿದೆಯೇ ಎಂದು ನೋಡಿಕೊಳ್ಳಿ.

ಎರಡನೆಯ ಉತ್ತರ (ಗಣಕ ಲೆಕ್ಕಾಚಾರ ಮಾಡುವವರಿಂದ):
ನಿಮ್ಮ ಹಿನ್ನೆಲೆಗೆ ಡೆನ್ಸಿಟಿ ಫಂಕ್ಷನಲ್ ಥಿಯರಿ (ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ವಸ್ತುವಿನ ಗುಣಗಳನ್ನು ಲೆಕ್ಕಹಾಕುವ ವಿಧಾನ) ಹತ್ತಿರದ ಬಾಗಿಲು. ಆದರೆ ಅದರ ಸಾಮಾನ್ಯ ಅಂದಾಜುಗಳು ಸಿಲಿಕಾನ್‌ನ 1.1 ಎಲೆಕ್ಟ್ರಾನ್ ವೋಲ್ಟ್ ಬ್ಯಾಂಡ್ ಗ್ಯಾಪ್ ಅನ್ನು (ಎಲೆಕ್ಟ್ರಾನ್ ಬಿಡುಗಡೆಯಾಗಿ ವಿದ್ಯುತ್ ಒಯ್ಯಲು ದಾಟಬೇಕಾದ ಶಕ್ತಿಯ ಅಂತರ) ಸುಮಾರು ಅರ್ಧದಷ್ಟೇ ತೋರಿಸುತ್ತವೆ. ಇದನ್ನು ಬಲ್ಲವರು ಮಾತ್ರ ಪ್ರಯೋಗ ಮಾಡುವವರೊಂದಿಗೆ ನಂಬಿಕೆಯಿಂದ ಮಾತನಾಡಬಲ್ಲರು.

ಮೂರನೆಯ ಉತ್ತರ (ಉದ್ಯಮದಲ್ಲಿರುವವರಿಂದ):
ಸಂಶೋಧನಾ ಸಂಸ್ಥೆಗಳಾಚೆಯೂ ದಾರಿಯಿದೆ. ನನ್ನ ಕೆಲಸ ಮುರಿದ ಭಾಗಗಳ ಪರೀಕ್ಷೆ. ಮುರಿದ ಮೈಯಲ್ಲಿ ನವಿರಾದ ಸಮಾಂತರ ಗೆರೆಗಳಿದ್ದರೆ ಭಾರ ಪದೇ ಪದೇ ಬಿದ್ದು ಲೋಹ ದಣಿದಿದೆಯೆಂದು ಊಹಿಸುತ್ತೇವೆ. ಬಿರುಕು ಹರಳುಕಣಗಳ ಅಂಚಿನಗುಂಟ ಓಡಿದ್ದರೆ ಲೋಹದೊಳಗೆ ಸೇರಿದ ಜಲಜನಕವನ್ನೋ ರಾಸಾಯನಿಕ ಸವೆತವನ್ನೋ ಶಂಕಿಸುತ್ತೇವೆ. ಇಲ್ಲಿ ಪ್ರಬಂಧಗಳ ಎಣಿಕೆಗಿಂತ, ಎಂಜಿನಿಯರ್‌ಗೆ ಅರ್ಥವಾಗುವಂತೆ ಒಂದು ಪುಟದ ವರದಿ ಬರೆಯುವ ಶಕ್ತಿಗೆ ಬೆಲೆ ಹೆಚ್ಚು. ಯಾವ ಪ್ರಯೋಗಾಲಯಕ್ಕೆ ಅರ್ಜಿ ಹಾಕಿದರೂ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ವಿದ್ಯಾರ್ಥಿಗಳೇ ನಡೆಸಲು ಬಿಡುತ್ತಾರೆಯೇ ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಮೊದಲೇ ವಿಚಾರಿಸಿ.