ಶಾಯಿಯಲ್ಲಿ ಬರೆದ ಸರ್ಕ್ಯೂಟ್ ನಮ್ಮ ಕರಾವಳಿಯ ಮಳೆಗಾಲಕ್ಕೆ ತಾಳುತ್ತದೆಯೇ?

ಕುಮಟೆಯ ಮಾಸ್ತರ:
ನಮ್ಮ ಪ್ರೌಢಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಈ ಬಾರಿ ಮಕ್ಕಳಿಂದ ವಿದ್ಯುತ್ ಹರಿಯುವ ಶಾಯಿಯಲ್ಲಿ ಕಾಗದದ ಮೇಲೆಯೇ ಸರ್ಕ್ಯೂಟ್ ಬರೆಸಬೇಕೆಂದಿದ್ದೇನೆ. ಸರ್ಕ್ಯೂಟ್ ಬೋರ್ಡ್ ಮಾಡಲು ಬೇಡದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸಿ ಕೈ, ಅಂಗಿ ಎಲ್ಲ ಕಂದು ಮಾಡಿಕೊಂಡದ್ದು ಸಾಕು. 2013ರಲ್ಲೇ ಟೋಕಿಯೊ ವಿಶ್ವವಿದ್ಯಾಲಯದ ಕವಹರ ಮತ್ತು ಸಂಗಡಿಗರು ಮನೆಬಳಕೆಯ ಇಂಕ್‌ಜೆಟ್ ಪ್ರಿಂಟರಿಗೆ ಬೆಳ್ಳಿಯ ಸೂಕ್ಷ್ಮ ಕಣಗಳ ಶಾಯಿ ತುಂಬಿ ಸರ್ಕ್ಯೂಟ್ ಮುದ್ರಿಸಿದರು. ಆಗ ಖರ್ಚು ಸುಮಾರು 300 ಡಾಲರ್ ಆಗಿತ್ತು. ಜಿಲ್ಲೆಯಲ್ಲಿ ಯಾರಾದರೂ ಪ್ರಯತ್ನಿಸಿದ್ದೀರಾ?

ಬೈತಖೋಲ್ ರಿಪೇರಿ:
ಮಾಸ್ತರರೇ, ಇಪ್ಪತ್ತು ವರ್ಷಗಳಿಂದ ದೋಣಿಗಳ ಜಿಪಿಎಸ್ ಬಿಚ್ಚುತ್ತಿದ್ದೇನೆ. ವಾರ್ನಿಷ್ ಬಳಿದ ತಾಮ್ರದ ಬೋರ್ಡೇ ಎರಡು ಮಳೆಗಾಲಕ್ಕೆ ಹಸಿರು ಹಿಡಿಯುತ್ತದೆ. ಕಾಗದದ ಮೇಲಿನ ಬೆಳ್ಳಿ ಎಷ್ಟು ದಿನ? ನಮ್ಮ ಮನೆಯ ಬೆಳ್ಳಿ ದೀಪ ಉಪ್ಪುಗಾಳಿಗೆ ತಿಂಗಳೊಳಗೆ ಕಪ್ಪಾಗುತ್ತದೆ. ಇನ್ನು ಬೆಸುಗೆ ಹೇಗೆ ಹಾಕುತ್ತೀರಿ? ಕಾದ ಕಬ್ಬಿಣ ಮುಟ್ಟಿಸಿದರೆ ಕಾಗದ ಸುಡುತ್ತದೆ, ತೆಳು ಬೆಳ್ಳಿ ಸೀಸ-ತವರದೊಳಗೇ ಕರಗಿಹೋಗುತ್ತದೆ.

ಶಿರಸಿ ತೋಟ:
ಉಪ್ಪುಗಾಳಿಗೆ ಬೆಳ್ಳಿ ಕಪ್ಪಾಗುವುದಿಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲದಿಂದ ಬೆಳ್ಳಿಯ ಸಲ್ಫೈಡ್ ಆಗುತ್ತದೆ, ಆ ಕಪ್ಪು ಅದೇ. ಘಟ್ಟದ ಮೇಲೆ ಸಮುದ್ರವೇ ಇಲ್ಲ, ಆದರೂ ನಮ್ಮ ಮನೆಯ ಬೆಳ್ಳಿಯ ಪಂಚಪಾತ್ರೆ ಕಪ್ಪಾಗುತ್ತದೆ. ತಿಳಿಯದೆ ಮಕ್ಕಳ ಉತ್ಸಾಹಕ್ಕೆ ನೀರು ಹಾಕಬೇಡಿ.

ಬೈತಖೋಲ್ ರಿಪೇರಿ:
ತಿಳಿಯದೆ ಎಂದಿರಾ? ಸಮುದ್ರದ ದಂಡೆಯಲ್ಲಿ ಬೆಳ್ಳಿಗೆ ಕ್ಲೋರೈಡ್ ಕೂಡ ಹಿಡಿಯುತ್ತದೆ, ಬೆಳ್ಳಿಯ ಕ್ಲೋರೈಡ್ ಬಿಸಿಲಿಗೆ ಕಪ್ಪಾಗುತ್ತದೆ. ಹಳೆಯ ಫೋಟೋ ಕಾಗದ ಇದೇ ಗುಣದಿಂದ ಕೆಲಸ ಮಾಡುತ್ತಿತ್ತು. ಘಟ್ಟದ ಮೇಲೆ ಕುಳಿತು ನಮಗೆ ಉಪ್ಪಿನ ಪಾಠ ಹೇಳಬೇಡಿ.

ಅಂಕೋಲೆಯ ವಿದ್ಯಾರ್ಥಿನಿ:
ದೀಪದ ಮಾತು ಬಿಡಿ, ಬೆಳ್ಳಿಯೇ ಏಕೆ ಬೇಕು? ಕಾರ್ಬನ್ ಶಾಯಿ ಕಪ್ಪಾಗುವುದೂ ಇಲ್ಲ, ತುಕ್ಕು ಹಿಡಿಯುವುದೂ ಇಲ್ಲ. ಟಿವಿ ರಿಮೋಟಿನ ಗುಂಡಿಗಳ ಕೆಳಗಿರುವುದು ಅದೇ. ಬೇರ್ ಕಂಡಕ್ಟಿವ್ ಕಂಪನಿಯ ಕಾರ್ಬನ್ ಬಣ್ಣಕ್ಕೆ 50 ಮೈಕ್ರಾನ್ ದಪ್ಪದಲ್ಲಿ ಚೌಕವೊಂದಕ್ಕೆ, ಅಂದರೆ ಗೆರೆಯ ಅಗಲದಷ್ಟೇ ಉದ್ದದ ತುಂಡಿಗೆ, 55 ಓಮ್ ರೋಧ. ಹತ್ತು ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ಅಗಲದ ಗೆರೆ ಎಂದರೆ 20 ಚೌಕ, 1100 ಓಮ್. 9 ವೋಲ್ಟ್ ಬ್ಯಾಟರಿಯಲ್ಲಿ ಕೆಂಪು ಎಲ್‌ಇಡಿಯ ಪಾಲಿನ ವೋಲ್ಟೇಜ್ ಕಳೆದರೆ ಅದರಲ್ಲಿ ಸುಮಾರು 6 ಮಿಲಿಆಂಪಿಯರ್ ಹರಿಯುತ್ತದೆ, ಚೆನ್ನಾಗಿಯೇ ಬೆಳಗುತ್ತದೆ.

ಬೈತಖೋಲ್ ರಿಪೇರಿ:
ತಂಗೀ, 6 ಮಿಲಿಆಂಪಿಯರಿಗೆ ಯಾವ ಮೋಟರು ತಿರುಗುತ್ತದೆ?

ಅಂಕೋಲೆಯ ವಿದ್ಯಾರ್ಥಿನಿ:
ಮೋಟರನ್ನು ಯಾರು ಕೇಳಿದರು, ಅಣ್ಣಾ? ಮಾಸ್ತರರು ಕೇಳಿದ್ದು ಮಕ್ಕಳ ಪ್ರದರ್ಶನದ ಬಗ್ಗೆ. ಬೆಳ್ಳಿಗೆ ನಿಜವಾದ ಅಪಾಯ ಬೇರೆಯೇ ಇದೆ. ತೇವದಲ್ಲಿ ಬ್ಯಾಟರಿಯಂತೆ ಒಂದೇ ದಿಕ್ಕಿನ (ಡಿಸಿ) ವೋಲ್ಟೇಜ್ ಇದ್ದರೆ ಒಂದು ಗೆರೆಯ ಬೆಳ್ಳಿ ಕರಗಿ ಇನ್ನೊಂದರ ಮೇಲೆ ಸಣ್ಣ ಬೇರುಗಳಂತೆ ಬೆಳೆಯುತ್ತದೆ, ಕೊನೆಗೆ ಎರಡೂ ಕೂಡಿ ಶಾರ್ಟ್ ಆಗುತ್ತದೆ. ನೀವಿಬ್ಬರೂ ಇದನ್ನು ಬಿಟ್ಟು ಪೂಜೆಯ ಪಾತ್ರೆಗಳನ್ನು ಹಿಡಿದಿದ್ದೀರಿ.

ಶಿರಸಿ ತೋಟ:
ಪೂಜೆಯ ಪಾತ್ರೆಯನ್ನು ಹಗುರವಾಗಿ ಮಾತನಾಡಬೇಡ. ನಮ್ಮ ಪಂಚಪಾತ್ರೆ ಇರುವುದು ಬಿಸಿಲು ಬೀಳದ ದೇವರ ಕೋಣೆಯಲ್ಲಿ. ಕ್ಲೋರೈಡ್ ಬಿಸಿಲಿಗೆ ಕಪ್ಪಾಗುವುದಾದರೆ ಅಲ್ಲಿ ಕಪ್ಪು ಎಲ್ಲಿಂದ ಬಂತು? ರಿಪೇರಿಯವರು ಉತ್ತರಿಸಲಿ.

ಬೈತಖೋಲ್ ರಿಪೇರಿ:
ನಾನು ಹೇಳಿದ್ದು ನಮ್ಮ ಕಾರವಾರದ ದೀಪ, ಶಿರಸಿಯದಲ್ಲ. ಎರಡು ಬೆಳ್ಳಿ ತುಂಡು ತನ್ನಿ. ಒಂದು ನನ್ನ ಅಂಗಡಿಯ ಕಿಟಕಿಯಲ್ಲಿ ನೇತಾಡಲಿ, ಇನ್ನೊಂದು ನಿಮ್ಮ ತೋಟದ ಮನೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡೋಣ.

ಶಿರಸಿ ತೋಟ:
ತರುತ್ತೇನೆ. ಕಾಗದದ ಚೀಟಿಯ ಮೇಲೆ ತಾರೀಖು ಬರೆದು ಅಂಟಿಸಿ.

ಕುಮಟೆಯ ಮಾಸ್ತರ:
ನನ್ನ ಪ್ರಶ್ನೆ ಎಲ್ಲಿಗೋ ಹೋಯಿತು. ಬೆಸುಗೆ ಬೇಡ, ವಿದ್ಯುತ್ ಹರಿಯುವ ಅಂಟು ಸಿಗುತ್ತದೆ. ಪ್ರದರ್ಶನ ಡಿಸೆಂಬರಿನಲ್ಲಿ, ಆಗ ಮಳೆಯೇ ಇರುವುದಿಲ್ಲ. ವಿದ್ಯಾರ್ಥಿನಿಯ ಲೆಕ್ಕ ನನಗೆ ಸರಿಯೆನಿಸಿತು, ಕಾರ್ಬನ್ ಶಾಯಿಯನ್ನೇ ತರಿಸುತ್ತೇನೆ.

ಬೈತಖೋಲ್ ರಿಪೇರಿ:
ಡಿಸೆಂಬರ್ ಎಂದು ಮೊದಲೇ ಹೇಳಬೇಕಿತ್ತು. ಗೆರೆ ಒಣಗಿದ ಮೇಲೆ ಲ್ಯಾಮಿನೇಷನ್ ಮಾಡಿಸಿ, ಮಲ್ಟಿಮೀಟರ್ ಬೇಕಿದ್ದರೆ ನನ್ನಲ್ಲಿ ಎರಡಿವೆ. ದೀಪದ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಸರಿ.