ಕೌದಿಯ ಭಾರ ಯಾರು ಹೊರಬೇಕು?

ಗುಂಪು: ಮನೆಮಂದಿ

ಗುರುವಾರ

[ಬೆಳಿಗ್ಗೆ 7:42] ಅಕ್ಕ: (ವಿಡಿಯೊ)
ಎಲ್ಲರೂ ನೋಡಿ. ಲಾಂಗ್‌ಆರ್ಮ್, ಅಂದರೆ ಉದ್ದ ತೋಳಿನ ಕೌದಿ ಯಂತ್ರ, 12 ಅಡಿ ಚೌಕಟ್ಟು, ಹೊಲಿಗೆಯ ಉದ್ದ ಸಮನಾಗಿಡುವ ಸ್ಟಿಚ್ ರೆಗ್ಯುಲೇಟರ್ ಕೂಡ ಇದೆ. ಬಳಸಿದ ಯಂತ್ರ, ಆದರೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಭಾನುವಾರದೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಹೊಲಿಗೆ ಕೋಣೆಗೆ ಇದನ್ನೇ ತರಿಸುವುದೆಂದು ಮುಕ್ಕಾಲು ಪಾಲು ನಿರ್ಧರಿಸಿದ್ದೇನೆ.

[7:50] ಅತ್ತಿಗೆ: ಎಷ್ಟು ಸಲೀಸಾಗಿ ಓಡುತ್ತಿದೆ! ನೀರಿನ ಮೇಲೆ ಬಳ್ಳಿ ಬರೆದ ಹಾಗೆ. ಯೋಚಿಸಬೇಡಿ, ತೆಗೆದುಕೊಳ್ಳಿ.

[7:58] ಭಾವ: 12 ಅಡಿ ಎಂದರೆ ಕೋಣೆಯಲ್ಲಿ ಮನುಷ್ಯರಿಗೆ ಜಾಗ ಉಳಿಯುತ್ತದೆಯೇ?

[8:15] ನಾನು: ಅಕ್ಕ, ಎರಡು ಸಲ ನೋಡಿದೆ. ಯಂತ್ರದ ಮೇಲೆ ನನಗೆ ಸಂಶಯವಿಲ್ಲ. ಆದರೆ ಈ ವಿಡಿಯೊ ತೋರಿಸುವುದು ಕೌದಿ ಕೆಲಸದ ಕೊನೆಯ ಹಂತವನ್ನು ಮಾತ್ರ. ಅದಕ್ಕೂ ಮುಂಚೆ ಕತ್ತರಿಸಬೇಕು, ತುಂಡು ಜೋಡಿಸಬೇಕು, ಇಸ್ತ್ರಿ ಮಾಡಬೇಕು, ಮತ್ತೆ ಜೋಡಿಸಬೇಕು. ನಿನ್ನ ಗಂಟೆಗಳೆಲ್ಲ ಕರಗುವುದು ಅಲ್ಲಿ. ಚೌಕಟ್ಟಿನ ಮೇಲಿನ ಲಾಂಗ್‌ಆರ್ಮ್‌ನಲ್ಲಿ ತುಂಡು ಜೋಡಿಸಲು ಆಗುವುದಿಲ್ಲ. ಬಟ್ಟೆಯನ್ನು ಮುಂದಕ್ಕೆ ಎಳೆಯುವ ಹಲ್ಲುಗಳೇ ಅದಕ್ಕಿಲ್ಲ. ಅಲ್ಲಿ ಬಟ್ಟೆ ನಿಂತಿರುತ್ತದೆ, ಯಂತ್ರ ಚಲಿಸುತ್ತದೆ. ಹಾಗಾಗಿ ಇದು ನಿನ್ನ ಈಗಿನ ಯಂತ್ರಕ್ಕೆ ಬದಲಿಯಾಗುವುದಿಲ್ಲ, ಅದರ ಜೊತೆಗೆ ಬರುವ ಎರಡನೆಯ ಯಂತ್ರವಾಗುತ್ತದೆ.

[8:21] ಅಕ್ಕ: ಗೊತ್ತು. ಜೋಡಣೆಗೆ ಹಳೆಯದು ಇದ್ದೇ ಇದೆ.

[8:24] ನಾನು: ಆ ಹಳೆಯದರ ಬಗ್ಗೆಯೇ ಹೋದ ತಿಂಗಳು ದೂರು ಹೇಳಿದೆಯಲ್ಲ? ಬಟ್ಟೆಯ ಮೂಲೆಯನ್ನು ಸೂಜಿ ತಟ್ಟೆಯೊಳಗೆ ನುಂಗುತ್ತದೆ, ಅಂಚು ಸೊಟ್ಟಗಾಗುತ್ತದೆ ಎಂದು.

[8:26] ಅಕ್ಕ: ಅದು ನನ್ನ ಕೈಯ ತಪ್ಪಿರಬಹುದು.

[8:40] ಚಿಕ್ಕಮ್ಮ: ನಿನ್ನ ಕೈಯ ತಪ್ಪಲ್ಲ, ತಟ್ಟೆಯ ತೂತಿನ ತಪ್ಪು. ನಿನ್ನದು ಜಿಗ್‌ಜಾಗ್ ಯಂತ್ರ, 9 ಮಿಲಿಮೀಟರ್ ಅಗಲದ ಹೊಲಿಗೆಯದು. ಸೂಜಿ ಎಡಕ್ಕೂ ಬಲಕ್ಕೂ ಓಡಾಡಬೇಕೆಂದು ತಟ್ಟೆಯಲ್ಲಿ ಉದ್ದನೆಯ ಸೀಳು ಬಿಟ್ಟಿದ್ದಾರೆ. ನೇರ ಹೊಲಿಗೆ ಹಾಕುವಾಗ ಸೂಜಿಯ ಸುತ್ತ ಬಟ್ಟೆಗೆ ಆಸರೆ ಇರುವುದಿಲ್ಲ, ಅದಕ್ಕೇ ಕೆಳಗೆ ಇಳಿಯುತ್ತದೆ. ಒಂದೇ ಸಣ್ಣ ತೂತಿರುವ ನೇರ ಹೊಲಿಗೆಯ ತಟ್ಟೆ ಹಾಕು, ಅರ್ಧ ಕಾಯಿಲೆ ವಾಸಿ. ಇನ್ನರ್ಧ, ಜೋಡಿಸುವಾಗ ಬಿಡುವ ಕಾಲು ಇಂಚಿನ ಅಂಚಿನದು. ಅಗಲ ಹೊಲಿಗೆಯ ಯಂತ್ರಗಳಲ್ಲಿ ಹಲ್ಲುಗಳ ನಡುವೆ ಅಂತರ ಹೆಚ್ಚು. ಕಾಲು ಇಂಚಿಗೆ ಬಟ್ಟೆ ಇಟ್ಟರೆ ಬಲಗಡೆಯ ಹಲ್ಲಿನ ಮೇಲೆ ಅದು ಸರಿಯಾಗಿ ಕೂರುವುದೇ ಇಲ್ಲ.

[8:44] ಅತ್ತಿಗೆ: ಒಂದು ಕೂದಲೆಳೆ ಅತ್ತಿತ್ತ ಆದರೆ ಏನು ಮಹಾ?

[8:52] ಚಿಕ್ಕಮ್ಮ: ಲೆಕ್ಕ ಹಾಕು. ಒಂದು ಜೋಡಣೆಯಲ್ಲಿ ಅಂಚು 1 ಮಿಲಿಮೀಟರ್ ಹೆಚ್ಚು ಹಿಡಿಯಿತು ಎಂದುಕೋ. ಎರಡೂ ತುಂಡುಗಳಿಂದ ಸೇರಿ 2 ಮಿಲಿಮೀಟರ್ ಹೋಯಿತು. ಸಾಲಿನಲ್ಲಿ ಅಂಥ 12 ಜೋಡಣೆ ಇದ್ದರೆ 24 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಇಂಚು. ಪಕ್ಕದ ಸಾಲು ಸರಿಯಾಗಿದ್ದು ಇದು ಗಿಡ್ಡವಾದರೆ ಕೌದಿಯ ಮೇಲ್ಬಟ್ಟೆ ನಡುವೆ ಉಬ್ಬುತ್ತದೆ. ಉಬ್ಬಿದ ಮೇಲ್ಬಟ್ಟೆಯನ್ನು ಎಂಥ ಚೌಕಟ್ಟಿಗೆ ಕಟ್ಟಿದರೂ ಕೊನೆಗೆ ಮಡಿಕೆ ಬಿದ್ದೇ ಬೀಳುತ್ತದೆ.

ನಾನು ಇವತ್ತಿಗೂ ತುಂಡು ಜೋಡಿಸುವುದು ಸಿಂಗರ್ 221ರಲ್ಲಿ. 1933ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ತೂಕ ಸುಮಾರು 5 ಕಿಲೊ, ನೇರ ಹೊಲಿಗೆ ಬಿಟ್ಟರೆ ಬೇರೆ ಏನೂ ಬಾರದು. ಅದು ಹಾಕುವ ಹೊಲಿಗೆಯ ಮುಂದೆ ಹೊಸ ಯಂತ್ರದ ನಾಲ್ಕುನೂರು ವಿನ್ಯಾಸ ನನಗೆ ಬೇಡ.

[9:05] ನಾನು: ಚಿಕ್ಕಮ್ಮ ಹೇಳಿದ್ದು ಅಕ್ಷರಶಃ ಸತ್ಯ. ಅದಕ್ಕೇ ನನ್ನ ಸಲಹೆ: ಅಕ್ಕ, ನೇರ ಹೊಲಿಗೆಯ ಗಟ್ಟಿ ಯಂತ್ರ ಒಂದನ್ನು ತೆಗೆದುಕೋ. ಜೂಕಿ ಟಿಎಲ್-2010ಕ್ಯೂ ಇದೆ, ಬ್ರದರ್ ಪಿಕ್ಯೂ1500ಎಸ್ಎಲ್ ಇದೆ. ಎರಡೂ ನಿಮಿಷಕ್ಕೆ 1500 ಹೊಲಿಗೆ ಹಾಕುತ್ತವೆ. ಜೂಕಿಯಲ್ಲಿ ಸೂಜಿಯಿಂದ ಬಲಗಡೆಯ ಕಂಬದವರೆಗೆ 8.5 ಇಂಚು ಒಳಜಾಗ ಸಿಗುತ್ತದೆ. ಜೋಡಣೆಯೂ ಆಯಿತು, ಹಲ್ಲು ಇಳಿಸಿ, ಬಟ್ಟೆಯನ್ನು ಕೈಯಿಂದಲೇ ಸರಿಸುವ ಫ್ರೀ ಮೋಷನ್ ಕೌದಿ ಹೊಲಿಗೆಯೂ ಆಯಿತು. ಒಂದೇ ಮೇಜಿನಲ್ಲಿ ಎಲ್ಲವೂ ಮುಗಿಯುತ್ತದೆ.

[9:31] ಅಣ್ಣ: ವೇಗದ ಅಂಕಿ ಹಿಡಿದು ಯಂತ್ರ ಆರಿಸಬೇಡಿ. ಫ್ರೀ ಮೋಷನ್‌ನಲ್ಲಿ ಹೊಲಿಗೆಯ ಉದ್ದ ನಿರ್ಧಾರವಾಗುವುದು ಎರಡು ವೇಗಗಳ ಅನುಪಾತದಿಂದ: ಸೂಜಿಯದು ಮತ್ತು ಕೈಯದು. ಕೈ ನಿಧಾನವಾದರೆ ಹೊಲಿಗೆ ಸಣ್ಣದು, ಕೈ ಓಡಿದರೆ ಉದ್ದ. ರೆಗ್ಯುಲೇಟರ್ ಮಾಡುವುದು ಇಷ್ಟೇ, ಕೈಯ ವೇಗವನ್ನು ಅಳೆದು ಸೂಜಿಯ ವೇಗವನ್ನು ಅದಕ್ಕೆ ಹೊಂದಿಸುತ್ತದೆ. ಚೌಕಟ್ಟಿನ ಯಂತ್ರದಲ್ಲಿ ಗಾಲಿಗೆ ತಾಗಿಕೊಂಡ ಎನ್‌ಕೋಡರ್‌ಗಳು, ಅಂದರೆ ಗಾಲಿ ಎಷ್ಟು ಉರುಳಿತೆಂದು ಓದುವ ಸಂವೇದಕಗಳು, ಅಳೆಯುತ್ತವೆ. ಬರ್ನಿನಾದ ಕೆಲವು ಮನೆಬಳಕೆಯ ಯಂತ್ರಗಳಲ್ಲಿ ಹೊಲಿಗೆ ಪಾದಕ್ಕೆ ಜೋಡಿಸಿದ ಸಂವೇದಕ ಕೆಳಗೆ ಸರಿಯುವ ಬಟ್ಟೆಯನ್ನು ಓದುತ್ತದೆ.

[9:36] ಅತ್ತಿಗೆ: ಹಾಗಿದ್ದರೆ ರೆಗ್ಯುಲೇಟರ್ ಇರುವ ಯಂತ್ರದಲ್ಲಿ ಹೊಸಬರೂ ಚೆನ್ನಾಗಿ ಹೊಲಿಯಬಹುದಲ್ಲ?

[9:41] ನಾನು: ಹೊಲಿಗೆಯ ಉದ್ದ ಸಮನಾಗುತ್ತದೆ. ಬಳ್ಳಿಯ ತಿರುವು ನುಣುಪಾಗುವುದಿಲ್ಲ, ಅದು ಕೈಗೇ ಬರಬೇಕು.

[9:48] ಅಕ್ಕ: ನೀನು ಹೇಳುವ 8.5 ಇಂಚಿನೊಳಗೆ ನನ್ನ ಕೌದಿ ಹೇಗೆ ತೂರುತ್ತದೆ? ಈಗ ಹಾಸಿಗೆಯ ಮೇಲೆ ಹರಡಿರುವುದು 90 ಇಂಚು ಅಗಲ, 100 ಇಂಚು ಉದ್ದ.

[9:55] ನಾನು: ಒಂದು ಸಲಕ್ಕೆ ಅರ್ಧ ತೂರಿದರೆ ಸಾಕು. ನಡುವಿನಿಂದ ಹೊರಕ್ಕೆ ಹೊಲಿದು, ಅರ್ಧ ಮುಗಿದ ಮೇಲೆ ತಿರುಗಿಸಬೇಕು. 45 ಇಂಚಿನ ಸುರುಳಿ ಮಾತ್ರ ತೋಳಿನ ಕೆಳಗೆ ಹೋಗುತ್ತದೆ. ಮೇಜನ್ನು ಕೊರೆಸಿ, ಯಂತ್ರದ ಹಾಸು ಮೇಜಿನ ಮಟ್ಟಕ್ಕೆ ಬರುವಂತೆ ಇಳಿಸು. ಎಡಕ್ಕೂ ಹಿಂದಕ್ಕೂ ಇನ್ನೊಂದು ಮೇಜು ಸೇರಿಸು. ಕೌದಿ ಅಂಚಿನಿಂದ ನೆಲಕ್ಕೆ ಜೋತುಬಿದ್ದಾಗಲೇ ಅದು ಹಿಂದಕ್ಕೆ ಜಗ್ಗುವುದು. ಭಾರವನ್ನು ಮೇಜು ಹೊತ್ತರೆ ನಿನ್ನ ಕೈಗೆ ದಾರಿ ತೋರಿಸುವ ಕೆಲಸ ಮಾತ್ರ ಉಳಿಯುತ್ತದೆ.

[10:20] ಅಕ್ಕ: ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಹಿಂದಿನ ದೊಡ್ಡ ಕೌದಿ ಹೊಲಿದಾಗಿನಿಂದ ನನ್ನ ಬಲ ಭುಜ ಸರಿಯಿಲ್ಲ. ಒಂದು ಗಂಟೆ ಬಟ್ಟೆ ತಳ್ಳಿದರೆ ಆಮೇಲೆ ತಲೆ ಬಾಚಲು ಕೈ ಎತ್ತಲಾಗುವುದಿಲ್ಲ. ಹಿಡಿತದ ಕೈಗವಸು ಹಾಕಿದೆ, ಕುರ್ಚಿ ಎತ್ತರಿಸಿದೆ, ಹತ್ತಿಯ ಒಳಪದರ ಬಿಟ್ಟು ಹಗುರವಾದದ್ದನ್ನು ಹಾಕಿದೆ. ನಾಲ್ಕು ತಿಂಗಳಾಯಿತು. ವಿಡಿಯೊದಲ್ಲಿ ನಾನು ನೋಡಿದ್ದು ಬಳ್ಳಿಯನ್ನಲ್ಲ. ಆ ಹೆಂಗಸು ನೆಟ್ಟಗೆ ನಿಂತಿದ್ದಾಳೆ, ಮೊಣಕೈ ಮಡಿಚಿಕೊಂಡಿದ್ದಾಳೆ, ಕೌದಿಯನ್ನು ತಳ್ಳುತ್ತಲೇ ಇಲ್ಲ. ಅದನ್ನು ನೋಡಿ ಕಣ್ಣು ತುಂಬಿತು.

[10:22] ಭಾವ: ನನಗೂ ಹೇಳಲಿಲ್ಲವಲ್ಲ.

[10:31] ಚಿಕ್ಕಮ್ಮ: ಮೊದಲು ವೈದ್ಯರ ಬಳಿ ಹೋಗು. ಯಂತ್ರ ಆಮೇಲೆ.

[10:33] ಅಕ್ಕ: ಸೋಮವಾರಕ್ಕೆ ಸಮಯ ತೆಗೆದುಕೊಂಡಿದ್ದೇನೆ ಚಿಕ್ಕಮ್ಮ.

[11:02] ನಾನು: ಅಕ್ಕ, ನಾನು ಹೇಳಿದ್ದನ್ನು ತಿದ್ದಿಕೊಳ್ಳುತ್ತೇನೆ. ಮೇಜು ಎಷ್ಟೇ ಚೆನ್ನಾಗಿದ್ದರೂ ಕುಳಿತು ಹೊಲಿಯುವ ಯಂತ್ರದಲ್ಲಿ ಮೂರು ಪದರದ ಕೌದಿಯನ್ನು ಕೈಯೇ ಸರಿಸಬೇಕು. ಕುಳಿತು ಹೊಲಿಯುವ ಲಾಂಗ್‌ಆರ್ಮ್‌ನಲ್ಲೂ ಅಷ್ಟೆ, ಒಳಜಾಗ 16 ಅಥವಾ 20 ಇಂಚು ಇರುವುದರಿಂದ ತುರುಕುವ ಕಷ್ಟ ತಪ್ಪುತ್ತದೆ, ಸರಿಸುವ ಕಷ್ಟ ತಪ್ಪುವುದಿಲ್ಲ. ಚೌಕಟ್ಟು ಮಾತ್ರ ಆ ಭಾರವನ್ನು ಪೂರ್ತಿಯಾಗಿ ಹೊರುತ್ತದೆ. ಯಂತ್ರ ಗಾಲಿಗಳ ಮೇಲೆ ಉರುಳುತ್ತದೆ. ಇನ್ನೂ ಒಂದು ಲಾಭ ಇದೆ: ಮೇಲ್ಬಟ್ಟೆ, ಒಳಪದರ, ಅಡಿಬಟ್ಟೆಗಳನ್ನು ನೆಲದ ಮೇಲೆ ಹರಡಿ, ಮಂಡಿಯೂರಿ ಪಿನ್ನು ಚುಚ್ಚುವ ಕೆಲಸವೇ ಇಲ್ಲ. ಚೌಕಟ್ಟಿಗೆ ಒಂದೊಂದಾಗಿ ಕಟ್ಟಿದರೆ ಆಯಿತು. ನಿನಗೆ ಚೌಕಟ್ಟು ಬೇಕು. ಒಪ್ಪಿದೆ.

[11:10] ಅತ್ತಿಗೆ: ಅಂತೂ ಮುಗಿಯಿತು. ಅಭಿನಂದನೆ!

[11:12] ನಾನು: ಮುಗಿದಿಲ್ಲ. ಚೌಕಟ್ಟು ಬೇಕೆಂದ ಮಾತ್ರಕ್ಕೆ ಇದೇ ಚೌಕಟ್ಟು, 12 ಅಡಿಯದ್ದೇ ಬೇಕೆಂದು ಆಗಲಿಲ್ಲ.

[11:40] ಭಾವ: ಅಳೆದೆ. ಕೋಣೆ 14 ಅಡಿ ಉದ್ದ, 11 ಅಡಿ ಅಗಲ. ಬಾಗಿಲು ಉದ್ದನೆಯ ಗೋಡೆಯ ಮೂಲೆಯಲ್ಲಿದೆ, ಒಳಕ್ಕೆ ತೆರೆಯುತ್ತದೆ.

[11:52] ಚಿಕ್ಕಮ್ಮ: ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಸುಮ್ಮನೆ ಹೇಳಿಲ್ಲ. 12 ಅಡಿ ಇಟ್ಟರೆ ಎರಡೂ ತುದಿಗೆ ಒಂದೊಂದು ಅಡಿ. ಆ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋಗುವುದು ಹೇಗೆ? ಇಸ್ತ್ರಿ ಮೇಜು ಎಲ್ಲಿ, ಕತ್ತರಿಸುವ ಮೇಜು ಎಲ್ಲಿ? ಜೋಡಣೆಯ ಯಂತ್ರ ಅಡುಗೆಮನೆಗೆ ಹೋಗಬೇಕೇ?

[12:05] ಅಕ್ಕ: ಹಿಂದಕ್ಕೆ ಹೋಗಲೇಬೇಕೇ?

[12:14] ನಾನು: ಹೋಗಬೇಕಾಗುತ್ತದೆ. ಕಾಗದದ ಮೇಲಿನ ವಿನ್ಯಾಸವನ್ನು ಲೇಸರ್ ಬೆಳಕಿನಿಂದ ಅನುಸರಿಸಿ ಅಂಚಿನಿಂದ ಅಂಚಿಗೆ ಹೊಲಿಯುವಾಗ ಸಾಮಾನ್ಯವಾಗಿ ಯಂತ್ರದ ಹಿಂಭಾಗದಲ್ಲಿ ನಿಂತು ನಡೆಸುತ್ತಾರೆ. ಸುಮ್ಮನೆ ನಿಲ್ಲುವಷ್ಟಲ್ಲ, ಅಡ್ಡಡ್ಡ ನಡೆಯುವಷ್ಟು ಜಾಗ ಬೇಕು.

ಈಗ ಅಗಲದ ಲೆಕ್ಕ. ನಿನ್ನ ದೊಡ್ಡ ಕೌದಿ 90 ಇಂಚು. ಅಡಿಬಟ್ಟೆ ಪ್ರತಿ ಬದಿಗೆ 4 ಇಂಚು ಹೆಚ್ಚಿರಬೇಕು, ಪಕ್ಕದ ಹಿಡಿಕೆಗಳನ್ನು ಕಚ್ಚಿಸಲು ಮತ್ತು ದಾರದ ಬಿಗಿತವನ್ನು ಪರೀಕ್ಷಿಸಲು ಅದು ಬೇಕು. ಒಟ್ಟು 98 ಇಂಚು. 10 ಅಡಿ ಎಂದರೆ 120 ಇಂಚು. ತುದಿಗಳಲ್ಲಿ ಚೌಕಟ್ಟು ಸ್ವಲ್ಪ ತಿಂದರೂ ಧಾರಾಳವಾಗಿ ಸಾಕು. ಹಲವು ಚೌಕಟ್ಟುಗಳನ್ನು ತುಂಡುಗಳಾಗಿ ಬಿಚ್ಚಿ ಕಡಿಮೆ ಉದ್ದಕ್ಕೂ ಜೋಡಿಸಬಹುದು. ಇದನ್ನು ಹಾಗೆ ಮಾಡಬಹುದೇ ಎಂದು ಮಾರುವವರನ್ನು ಇವತ್ತೇ ಕೇಳು.

[12:30] ಅಣ್ಣ: ಯಂತ್ರದ ಒಳಜಾಗ ಎಷ್ಟು ಎಂದು ಬರೆದಿದ್ದಾರೆ?

[12:31] ಅಕ್ಕ: 18 ಇಂಚು.

[12:38] ಅಣ್ಣ: 18 ಇಂಚು ಪೂರ್ತಿ ಸಿಗುವುದಿಲ್ಲ ಎಂದು ತಿಳಿದಿರಲಿ. ಹೊಲಿದು ಮುಗಿದ ಭಾಗ ಸುತ್ತಿಕೊಳ್ಳುವ ಕೊಳವೆ ತೋಳಿನ ಒಳಗೇ ಇರುತ್ತದೆ. ಕೌದಿ ಮುಗಿಯುತ್ತ ಬಂದಂತೆ ಸುರುಳಿ ದಪ್ಪವಾಗುತ್ತದೆ. ಸುರುಳಿ 4 ಇಂಚಿಗೆ ಬಂದರೆ ಉಳಿಯುವುದು 14 ಇಂಚು, ಪಾದದ ಜಾಗ ಕಳೆದರೆ ಅದಕ್ಕೂ ಕಡಿಮೆ. 12 ಇಂಚಿನ ಚೌಕವನ್ನು ಒಂದೇ ಸಲಕ್ಕೆ ಹೊಲಿಯಬೇಕೆಂದಿದ್ದರೆ ಅದು ಕೊನೆಯ ಸಾಲಿನಲ್ಲೂ ಹಿಡಿಸಬೇಕು, ಮೊದಲ ಸಾಲಿನಲ್ಲಿ ಹಿಡಿಸಿದರೆ ಸಾಲದು.

[12:47] ಅಕ್ಕ: ಇದು ನನಗೆ ಹೊಳೆದಿರಲಿಲ್ಲ. ಆದರೂ 18 ಸಾಕು ನನಗೆ.

[1:15] ಚಿಕ್ಕಮ್ಮ: ನನಗೆ ಈಗಲೂ ಸಮಾಧಾನವಿಲ್ಲ. ವರ್ಷಕ್ಕೆ ಎರಡು ದೊಡ್ಡ ಕೌದಿಗೆ ಕೋಣೆಯನ್ನೆಲ್ಲ ಯಂತ್ರಕ್ಕೆ ಬಿಟ್ಟುಕೊಡುವುದೇ? ಮೇಲ್ಬಟ್ಟೆ ನೀನು ಮಾಡು, ಹೊಲಿಗೆಯನ್ನು ಲಾಂಗ್‌ಆರ್ಮ್ ಇರುವವರಿಗೆ ಕೊಡು. ಗಂಟೆ ಲೆಕ್ಕದಲ್ಲಿ ಯಂತ್ರ ಬಾಡಿಗೆಗೆ ಬಿಡುವವರೂ ಇದ್ದಾರೆ.

[1:22] ಅಕ್ಕ: ಎರಡು ಕೌದಿ ಆಗುತ್ತಿರುವುದು ಭುಜ ಬಿಡದ ಕಾರಣ, ಚಿಕ್ಕಮ್ಮ. ಕಪಾಟಿನಲ್ಲಿ ಒಂಬತ್ತು ಮೇಲ್ಬಟ್ಟೆ ಮಡಿಚಿಟ್ಟಿದ್ದೇನೆ. ಹೊಲಿಗೆ ನನ್ನದೇ ಆಗಬೇಕು. ಎಲ್ಲಿ ದಟ್ಟವಾಗಿ ಹೊಲಿಯಬೇಕು, ಎಲ್ಲಿ ಬಟ್ಟೆ ಉಸಿರಾಡಲು ಬಿಡಬೇಕು ಎಂದು ನನ್ನ ಕಣ್ಣಿಗೆ ಕಾಣುತ್ತಿರುತ್ತದೆ. ಅದನ್ನು ಇನ್ನೊಬ್ಬರಿಗೆ ವಿವರಿಸಲು ನನಗೆ ಬರುವುದಿಲ್ಲ.

[1:24] ಚಿಕ್ಕಮ್ಮ: ಒಂಬತ್ತೇ!

[1:26] ಚಿಕ್ಕಮ್ಮ: ಸರಿ. ಆದರೆ ಕಣ್ಣಾರೆ ನೋಡದೆ, ಕೈಯಾರೆ ಹೊಲಿಯದೆ ಹೌದು ಎನ್ನಬೇಡ.

[1:50] ನಾನು: ಹೋದಾಗ ಮಾಡಬೇಕಾದ್ದನ್ನು ಹೇಳುತ್ತೇನೆ, ಬರೆದುಕೋ. ಅವರ ಮಾದರಿ ಬಟ್ಟೆಯಲ್ಲಿ ಹೊಲಿಯಬೇಡ. ನೀನು ಬಳಸುವ ಬಟ್ಟೆ, ಒಳಪದರ, ದಾರ ಇವುಗಳಿಂದ ಮೂರು ಪದರದ ತುಂಡು ಮಾಡಿಕೊಂಡು ಹೋಗು. ಮೊದಲು ಯಂತ್ರದಿಂದ ಕೈ ತೆಗೆದು ಸುಮ್ಮನೆ ನಿಲ್ಲು. ಅದು ತಾನಾಗಿ ಒಂದು ಕಡೆಗೆ ಜಾರಿದರೆ ಚೌಕಟ್ಟು ಮಟ್ಟವಾಗಿಲ್ಲ. ಆಮೇಲೆ ನಿಧಾನವಾಗಿ ತಳ್ಳು, ಕಟಕಟ ಎಂದು ಒಂದೇ ಜಾಗದಲ್ಲಿ ತಡೆದರೆ ಗಾಲಿ ಸವೆದಿದೆ, ಇಲ್ಲವೆ ಹಳಿಗೆ ದಾರ ಸಿಕ್ಕಿಕೊಂಡಿದೆ.

ರೆಗ್ಯುಲೇಟರ್ ಹಾಕಿ ಎಡದಿಂದ ಬಲಕ್ಕೆ ಒಂದು ಗೆರೆ, ಹಿಂದಿನಿಂದ ಮುಂದಕ್ಕೆ ಇನ್ನೊಂದು ಗೆರೆ ಹೊಲಿ. ಎರಡರಲ್ಲೂ ಒಂದು ಇಂಚಿಗೆ ಎಷ್ಟು ಹೊಲಿಗೆ ಎಂದು ಎಣಿಸು. ಎರಡು ದಿಕ್ಕಿಗೂ ಬೇರೆ ಬೇರೆ ಎನ್‌ಕೋಡರ್ ಇರುತ್ತದೆ. ಒಂದು ದಿಕ್ಕಿನಲ್ಲಿ ಮಾತ್ರ ಎಣಿಕೆ ತಪ್ಪಿದರೆ ಆ ದಿಕ್ಕಿನದು ಜಾರುತ್ತಿದೆ ಎಂದು ಅರ್ಥ. ಕೊನೆಗೆ ವೇಗವಾಗಿ ಸುತ್ತು ಸುತ್ತು ಹೊಲಿದು, ಬಟ್ಟೆ ಮಗುಚಿ ಅಡಿಭಾಗ ನೋಡು. ತಿರುವುಗಳಲ್ಲಿ ಮೇಲಿನ ದಾರ ರೆಪ್ಪೆಗೂದಲಿನ ಹಾಗೆ ಎದ್ದಿದ್ದರೆ ಬಿಗಿತ ಸಡಿಲ. ಮೇಲಿನ ಬಿಗಿತವನ್ನು ನೀನೇ ಹೆಚ್ಚಿಸು, ಕೈಯನ್ನು ಸ್ವಲ್ಪ ನಿಧಾನಿಸು. ಹಾಗೂ ಸರಿಹೋಗದಿದ್ದರೆ ಬಿಟ್ಟುಬಾ.

[1:58] ಅಣ್ಣ: ಯಂತ್ರ ಎಷ್ಟು ವೋಲ್ಟಿನದು ಎಂದು ಪಟ್ಟಿಯ ಮೇಲೆ ಓದಿ. 110ರದ್ದನ್ನು 230ಕ್ಕೆ ಚುಚ್ಚಿದರೆ ವಿದ್ಯುತ್ ಭಾಗಗಳು ಸುಟ್ಟುಹೋಗುತ್ತವೆ. ಸೂಜಿ, ಬಾಬಿನ್ ಯಾವ ಅಳತೆಯದು ಎಂದೂ ಕೇಳಿ. ಲಾಂಗ್‌ಆರ್ಮ್‌ಗಳ ಸೂಜಿಯ ತಲೆ ಸಾಮಾನ್ಯವಾಗಿ ದುಂಡಗಿರುತ್ತದೆ, ಮನೆಯ ಯಂತ್ರದ ಚಪ್ಪಟೆ ತಲೆಯ ಸೂಜಿ ಅದಕ್ಕೆ ಸೇರುವುದಿಲ್ಲ.

[2:10] ನಾನು: ಜೋಡಣೆಯ ಯಂತ್ರಕ್ಕೆ ನೇರ ಹೊಲಿಗೆಯ ತಟ್ಟೆಯನ್ನು ಇವತ್ತೇ ತರಿಸು. ಇದನ್ನು ಮಾತ್ರ ನಾನು ಬಿಡುವುದಿಲ್ಲ.

[2:11] ಅಕ್ಕ: ತರಿಸಿದೆ. ಚಿಕ್ಕಮ್ಮ ಹೇಳಿದ ಅರ್ಧ ಗಂಟೆಗೇ.

[ಸಂಜೆ 6:35] ಭಾವ: (ಚಿತ್ರ)
ಕೋಣೆಯ ನೆಲಕ್ಕೆ ಬಿಳಿ ಟೇಪು ಅಂಟಿಸಿದ್ದೇನೆ, 10 ಅಡಿ ಉದ್ದ, 4 ಅಡಿ ಅಗಲ. ಸುತ್ತ ನಡೆದು ನೋಡಿದೆವು. ಬಾಗಿಲು ತೆರೆಯುತ್ತದೆ, ಇಸ್ತ್ರಿ ಮೇಜು ಕಿಟಕಿಯ ಕೆಳಗೆ ನಿಲ್ಲುತ್ತದೆ. ಕತ್ತರಿಸುವ ಮೇಜಿಗೆ ಜಾಗವಿಲ್ಲ. ಗೋಡೆಗೆ ಮಡಿಚುವ ಹಲಗೆ ಹಾಕಿಸುತ್ತೇನೆ.

[6:50] ಅಕ್ಕ: ಮಾರುವವರು ಉತ್ತರ ಕೊಟ್ಟರು. ಚೌಕಟ್ಟನ್ನು 10 ಅಡಿಗೆ ಜೋಡಿಸಬಹುದಂತೆ, ಉಳಿದ ತುಂಡನ್ನೂ ಕೊಡುತ್ತಾರಂತೆ. ಶನಿವಾರ ಹತ್ತು ಗಂಟೆಗೆ ಬರಲು ಹೇಳಿದ್ದಾರೆ. ಎರಡು ತುಂಡು ಸಿದ್ಧಮಾಡಿದ್ದೇನೆ, ಒಂದು ಹತ್ತಿಯ ಒಳಪದರದ್ದು, ಒಂದು ಉಣ್ಣೆಯದು. ನೀನು ಬರುತ್ತೀಯಾ?

[6:52] ನಾನು: ಬರುತ್ತೇನೆ. ಇಂಚುಪಟ್ಟಿ, ಮಟ್ಟಗೋಲು ನಾನು ತರುತ್ತೇನೆ. ತುಂಡುಗಳನ್ನು ಎತ್ತಿಕೊಳ್ಳುವುದೂ ನಾನೇ.

[6:53] ಚಿಕ್ಕಮ್ಮ: ನನ್ನನ್ನೂ ಕರೆದುಕೊಂಡು ಹೋಗಿ. ಅಡಿಭಾಗ ನಾನು ನೋಡಬೇಕು.