ಮಲೆನಾಡಿನ ಮಳೆಗಾಲದಾಗ ಒಬ್ಬಾಕಿನ ಇರಬೇಕಾಗ್ಯದ, ಅನುಭವ ಇದ್ದೋರು ಹೇಳ್ರಿ

ಎಲ್ಲಾರಿಗೂ ನಮಸ್ಕಾರ. ನಾನು ವಿಜಯಪುರದಾಕಿ. ಪಿಯು ಕಾಲೇಜಿನ ಉಪನ್ಯಾಸಕಿ ಅಂತ ತೀರ್ಥಹಳ್ಳಿಗೆ ಪೋಸ್ಟಿಂಗ್ ಆಗ್ಯದ, ಜೂನ್ ಒಂದಕ್ಕ ಹಾಜರಾಗಬೇಕು. ಮನಿ ಮಂದಿ ಯಾರೂ ಸಂಗಡ ಬರೂದಿಲ್ಲ. ಹೋದ ವಾರ ಮನಿ ನೋಡಾಕ ಅಂತ ಹೋಗಿದ್ದೆ. ಮುಂಜಾನೆ ದಟ್ಟ ಮಂಜು, ಹನ್ನೆರಡಕ್ಕ ಬೆವರು ಇಳಿಯೂವಂಥ ಬಿಸಲು, ನಾಕಕ್ಕ ಗುಡುಗು ಮಳಿ, ಏಳಕ್ಕ ಕರೆಂಟ್ ಇಲ್ಲ. ನಮ್ಮ ಕಡೆ ಮಳಿ ಬಂದ್ರ ಮಂದಿ ಕಟ್ಟಿಗೆ ಬಂದು ನಿಂತು ನೋಡ್ತಾರ, ಅಷ್ಟು ಅಪರೂಪ. ಇಲ್ಲಿ ನಾಕು ತಿಂಗಳು ಹಿಂಗ ಅಂದ್ರ ಅರಿವಿ ಒಣಗಸೂದು ಹೆಂಗ, ಅಡಗಿ ಹೆಂಗ, ಏನರ ಆದ್ರ ಯಾರನ್ನ ಕರೀಬೇಕು, ಒಂದೂ ತಿಳಿವಲ್ತು. ಒಬ್ಬರ ಇದ್ದು ಅನುಭವ ಇದ್ದೋರು ದಯಮಾಡಿ ಹೇಳ್ರಿ.

ಕೊಪ್ಪದಿಂದ, ಬ್ಯಾಂಕ್ ಉದ್ಯೋಗಿ

ಮೇಡಂ, ನಾನೂ ಬಯಲುಸೀಮೆಯವಳೇ, ಚಳ್ಳಕೆರೆ ಕಡೆ. ಕೊಪ್ಪಕ್ಕೆ ಬಂದು ಹನ್ನೊಂದು ಮಳೆಗಾಲ ಆಯ್ತು, ಹನ್ನೊಂದನ್ನೂ ಒಬ್ಬಳೇ ಕಳೆದಿದ್ದೀನಿ. ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಜೂನ್ ನೆನಪಾಯ್ತು, ಅದಕ್ಕೇ ಉದ್ದಕ್ಕೆ ಬರೀತಿದ್ದೀನಿ.

ಮನೆ ಇನ್ನೂ ಗೊತ್ತುಮಾಡಿಲ್ಲ ಅಂದ್ರೆ ಮೊದಲು ಅದನ್ನ ಹೇಳ್ತೀನಿ. ಇಲ್ಲಿ ಮಳೆ ಮೇಲಿಂದ ಬೀಳೋದಕ್ಕಿಂತ ಪಡುವಣದಿಂದ ಬಂದು ಬಡಿಯೋದೇ ಹೆಚ್ಚು. ಪಶ್ಚಿಮಕ್ಕೆ ಮಲಗೋ ಕೋಣೆಯ ಕಿಟಕಿ ಇರೋ ಮನೆ ಬೇಡ. ಎರಚಲು ಒಳಗೆ ಬರುತ್ತೆ, ಆ ಗೋಡೆ ಸೆಪ್ಟೆಂಬರ್‌ವರೆಗೂ ಒದ್ದೆ, ಹಾಸಿಗೆಯ ಅಂಚಿಗೆಲ್ಲ ಬೂಷ್ಟು. ಹಂಚಿನ ಮನೆಯಾದ್ರೆ ಈ ವರ್ಷ ಹಂಚು ಕೈಯಾಡಿಸಿದ್ದಾರಾ, ಅಂದ್ರೆ ಒಡೆದದ್ದು ಬದಲಿಸಿ ಸರಿಮಾಡಿದ್ದಾರಾ ಅಂತ ಓನರ್ ಹತ್ರ ಕೇಳಿ. ಮೇ ತಿಂಗಳಲ್ಲಿ ಆಗದಿದ್ದ ಕೆಲಸ ಮಳೆ ಹಿಡಿದ ಮೇಲೆ ಆಗೋದಿಲ್ಲ, ಯಾರೂ ಮಾಡಿನ ಮೇಲೆ ಹತ್ತಲ್ಲ. ಶೀಟ್ ಹೊದಿಸಿದ ಮನೆಯಾದ್ರೆ ಮಳೆಯ ಸದ್ದಿಗೆ ಫೋನ್ ರಿಂಗಾದ್ರೂ ಕೇಳಿಸಲ್ಲ ಅನ್ನೋದು ನೆನಪಿರಲಿ.

ಇನ್ನು ದಿನ ಕಳೆಯೋ ರೀತಿ. ಇಲ್ಲಿಯವರ ಬಾಯಲ್ಲಿ ಒಂದು ಮಾತು ಕೇಳ್ತೀರಿ: ಹೊಳವು. ಜಡಿಮಳೆಯ ನಡುವೆ ಮೋಡ ಒಂಚೂರು ಹರಿದು, ಬೆಳಕು ಬಿದ್ದು, ಹನಿ ನಿಲ್ಲುತ್ತಲ್ಲ, ಅದು. ಅರ್ಧ ಗಂಟೆ ಇರಬಹುದು, ಹತ್ತೇ ನಿಮಿಷವೂ ಆಗಬಹುದು. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಒಲೆ ಮುಂದೆ ಇದ್ದಾಗ ಇನ್ನೊಬ್ಬರು ಹೋಗಿ ಹಾಲು ತರ್ತಾರೆ, ಬಟ್ಟೆ ಒಳಗೆ ಹಾಕ್ತಾರೆ. ಒಬ್ಬರೇ ಇದ್ದಾಗ ಆ ಹೊಳವಿನಲ್ಲಿ ಏನು ಮಾಡಬೇಕು ಅನ್ನೋದು ಮೊದಲೇ ತಲೆಯಲ್ಲಿ ಇರಬೇಕು. ನನ್ನ ಬಾಗಿಲ ಪಕ್ಕ ಒಂದು ಮೊಳೆಗೆ ಚೀಲ ನೇತುಹಾಕಿರ್ತೀನಿ. ಅದರೊಳಗೆ ದುಡ್ಡು, ತರಬೇಕಾದ್ದರ ಚೀಟಿ, ಟಾರ್ಚ್. ಹೊಳವಾದ ಕೂಡಲೇ ಚೀಲ ಹೆಗಲಿಗೆ. ಮೊದಲ ವರ್ಷ ಗಡಿಯಾರ ನೋಡಿಕೊಂಡು ಹೊರಡ್ತಿದ್ದೆ, ವಾರಕ್ಕೆ ನಾಲ್ಕು ದಿನ ನೆನೆದು ತೊಪ್ಪೆಯಾಗಿ ನೆಗಡಿ ಹಿಡಿಸಿಕೊಂಡಿದ್ದೆ.

ಬಟ್ಟೆಗೆ ಮನೆಯೊಳಗೆ ಒಂದು ಕೋಣೆ ಬಿಟ್ಟುಬಿಡಿ. ಅಡ್ಡಡ್ಡಕ್ಕೆ ಹಗ್ಗ ಕಟ್ಟಿ, ಕರೆಂಟ್ ಇದ್ದಷ್ಟು ಹೊತ್ತು ಫ್ಯಾನ್. ದಿನಾ ಎರಡೆರಡೇ ಒಗೀರಿ, ಭಾನುವಾರಕ್ಕೆ ಅಂತ ಗುಡ್ಡೆ ಹಾಕಿದ್ರೆ ಮುಗ್ಗಲು ವಾಸನೆ ಹೋಗೋದೇ ಇಲ್ಲ. ದಪ್ಪ ಕಾಟನ್, ಜೀನ್ಸ್ ಊರಲ್ಲೇ ಬಿಟ್ಟು ಬನ್ನಿ. ಸರ್ಟಿಫಿಕೇಟುಗಳನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಸ್ಟೀಲ್ ಟ್ರಂಕಿನಲ್ಲಿಡಿ.

ಅಡುಗೆ ಮನೆಯಲ್ಲಿ ಉಪ್ಪು ನೀರೊಡೆಯುತ್ತೆ, ಬೆಂಕಿಪೊಟ್ಟಣ ಗೀರಿದ್ರೆ ಹತ್ತಲ್ಲ. ಬೆಂಕಿಪೊಟ್ಟಣವನ್ನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಅದರೊಳಗಿಡಿ. ನೀವು ರೊಟ್ಟಿ ತಿನ್ನೋರು. ಜೋಳದ ಹಿಟ್ಟನ್ನ ಊರಿಂದ ಹತ್ತು ಕಿಲೋ ಹೊತ್ತು ತರಬೇಡಿ, ತಿಂಗಳೊಳಗೆ ಕಹಿಯಾಗುತ್ತೆ, ಹುಳ ಬೀಳುತ್ತೆ. ಜೋಳವನ್ನೇ ತಂದು ಬಿಸಿಲಿರುವಾಗ ಒಣಗಿಸಿಟ್ಟು ಸ್ವಲ್ಪ ಸ್ವಲ್ಪ ಬೀಸಿಸಿಕೊಳ್ಳಿ. ಕಟಕ ರೊಟ್ಟಿಯೂ ಹೊರಗಿಟ್ಟರೆ ಒಂದೇ ದಿನದಲ್ಲಿ ಮೆತ್ತಗಾಗಿಬಿಡುತ್ತೆ.

ಇದೆಲ್ಲ ಹೇಗೋ ಆಗುತ್ತೆ. ನಾನು ನಿಜವಾಗಿ ಹೇಳಬೇಕಂತ ಕೂತಿದ್ದು ಬೇರೆಯದು.

ನನ್ನ ಮೂರನೇ ಮಳೆಗಾಲ. ಜುಲೈ. ಆರ್ದ್ರಾ ಮುಗಿದು ಪುನರ್ವಸು ಮಳೆ ಹಿಡಿದಿತ್ತು, ಒಂಬತ್ತು ದಿನದಿಂದ ಬಿಸಿಲಿನ ಮುಖ ಕಂಡಿರಲಿಲ್ಲ. ಭಾನುವಾರ ಬೆಳಗ್ಗೆ ಸ್ನಾನಕ್ಕೆ ಹೋಗಿ ಬಚ್ಚಲ ಬಾಗಿಲನ್ನ ಜೋರಾಗಿ ನೂಕಿ ಚಿಲಕ ಹಾಕಿದೆ. ಸ್ನಾನ ಮುಗಿಸಿ ಚಿಲಕ ತೆಗೆದೆ, ಬಾಗಿಲು ಮಿಸುಕಲಿಲ್ಲ. ಮರ ತೇವ ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಎಳೆದೆ, ಒದ್ದೆ, ಕೂಗಿದೆ. ಮೇಲೆ ಶೀಟು, ಶೀಟಿನ ಮೇಲೆ ಮಳೆ, ನನ್ನ ಕೂಗು ನನಗೇ ಕೇಳಿಸ್ತಿರಲಿಲ್ಲ. ಫೋನ್ ಹಾಸಿಗೆ ಮೇಲೆ. ಮುಂಬಾಗಿಲಿಗೆ ಒಳಗಿಂದ ಅಗಳಿ. ಮಾರನೇ ದಿನ ನಾನು ಬ್ಯಾಂಕಿಗೆ ಹೋಗದಿದ್ದರೂ, ಮಳೆಗೆ ಬಸ್ಸು ಸಿಕ್ಕಿಲ್ಲವೇನೋ ಅಂದುಕೊಂಡು ಸುಮ್ಮನಿರ್ತಿದ್ರು. ಅದು ಹೊಳೆದಾಗ ನಿಜಕ್ಕೂ ಕೈಕಾಲು ತಣ್ಣಗಾಯ್ತು. ಕೊನೆಗೆ ಒದ್ದೆ ಟವೆಲನ್ನ ಚಿಲಕದ ಹಿಡಿಗೆ ಎರಡು ಸುತ್ತು ಸುತ್ತಿ, ಒಂದು ಕಾಲನ್ನ ಗೋಡೆಗೆ ಒತ್ತಿಕೊಟ್ಟು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗಿ ಜಗ್ಗಿ ಎಳೆದೆ. ಕೆಳಗಿನ ಮೂಲೆ ಮೊದಲು ಬಿಟ್ಟಿತು. ಹೊರಗೆ ಬಂದು ಗಡಿಯಾರ ನೋಡಿದ್ರೆ ಒಂದೂ ಕಾಲು ಗಂಟೆ ಆಗಿತ್ತು.

ಅವತ್ತು ಮಧ್ಯಾಹ್ನ ಎದುರು ಮನೆ ಅಮ್ಮನ ಹತ್ರ ಹೋಗಿ ಎಲ್ಲ ಹೇಳಿದೆ. ಅವರು ಕೇಳಿ ಬೈದರು. "ಅಲ್ಲ ಮಾರಾಯ್ತಿ, ಒಂದು ಕೀ ನಮ್ಮನೇಲಿ ಕೊಟ್ಟಿಡೋಕೆ ಏನಾಗಿತ್ತು ನಿಂಗೆ?" ಅಂದ್ರು. ಆಮೇಲೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದ್ವಿ. ಬೆಳಗ್ಗೆ ಏಳೂವರೆಯೊಳಗೆ ನನ್ನ ಮುಂದಿನ ಕಿಟಕಿಯ ಒಂದು ಬಾಗಿಲು ತೆರೆದಿರಬೇಕು, ಎಂಥ ಮಳೆಯಿದ್ದರೂ ಸರಿ. ತೆರೆಯದಿದ್ದರೆ ಅವರು ಕೀ ಹಿಡಿದು ಬರ್ತಾರೆ. ಅಗಳಿ ತೆಗೆಸಿ, ಹೊರಗಿಂದಲೂ ಕೀಯಲ್ಲಿ ತೆರೆಯೋ ಬೀಗ ಹಾಕಿಸಿದೆ. ಎಂಟು ವರ್ಷದಲ್ಲಿ ಅವರು ಒಂದೇ ಸಲ ಬಂದಿದ್ದಾರೆ. ನನಗೆ ಜ್ವರ ಬಂದು ಎದ್ದು ನಿಲ್ಲೋಕೂ ಆಗದ ದಿನ ಅದು. ಕರೆಂಟ್ ಹೋಗಿ ಮೂರು ದಿನ, ಫೋನ್ ಸತ್ತಿತ್ತು, ಟವರ್ ಕೂಡ ಕೆಟ್ಟಿತ್ತು. ಏಳೂಮುಕ್ಕಾಲಿಗೆ ಬೀಗದಲ್ಲಿ ಕೀ ತಿರುಗಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ ಕೊಡೆ, ರೈನ್‌ಕೋಟ್‌ಗಿಂತ ಮೊದಲು ನೋಡಬೇಕಾದ್ದು ನಿಮ್ಮ ಕಿಟಕಿ ಯಾರಿಗೆ ಕಾಣಿಸುತ್ತೆ ಅನ್ನೋದು. ಮತ್ತೆ ಬಚ್ಚಲ ಬಾಗಿಲ ಅಂಚನ್ನ ಬೇಸಿಗೆಯಲ್ಲೇ ಬಡಗಿ ಹತ್ರ ಒಂದು ದಾರದಷ್ಟು ಕೀಸಿಸಿಬಿಡಿ. ಒಬ್ಬರೇ ಇರುವಾಗ ಅದಕ್ಕೆ ಚಿಲಕ ಯಾಕೆ, ಸುಮ್ಮನೆ ಒರಗಿಸಿದ್ರೆ ಸಾಕು.

ಆಗುಂಬೆ ಕಡೆಯಿಂದ, ತೋಟದ ಮನೆಯವರು

ಕೊಪ್ಪದವರು ಬಾಗಿಲಿನ ವಿಚಾರ ಬರೆದದ್ದು ಒಳ್ಳೆಯದಾಯ್ತು, ಅದು ಇಲ್ಲಿ ಎಲ್ಲರ ಮನೆಯ ಕಷ್ಟ. ನನಗೆ ಈಗ ಅರುವತ್ತೊಂಬತ್ತು. ಹೆಂಡತಿ ಹೋಗಿ ಆರು ವರ್ಷ ಆಯ್ತು, ಮಗ ಬೆಂಗಳೂರಲ್ಲಿದ್ದಾನೆ, ನಾನು ತೋಟ ಬಿಟ್ಟು ಹೋಗಲಿಲ್ಲ.

ನೋಡಿ ತಾಯಿ, ನಿಮ್ಮೂರಲ್ಲಿ ವರ್ಷಕ್ಕೆ ಬೀಳೋದು 600 ಮಿಲಿಮೀಟರ್ ಆಸುಪಾಸು. ಆಗುಂಬೆಯ ಸರಾಸರಿ 7000 ದಾಟುತ್ತೆ. ತೀರ್ಥಹಳ್ಳಿ ಪೇಟೆಯಲ್ಲಿ ಅಷ್ಟಿಲ್ಲ, ಹೆದರಬೇಡಿ. ಆದರೆ ಒಂದು ತಿಳಿದಿರಲಿ. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ಈ ಸಾಲಿನಲ್ಲೇ ಸುರಿದುಬಿಡುತ್ತೆ, ಮುಂದೆ ಹೋದ ಹಾಗೆ ಕಡಿಮೆ. ಹಾಗಾಗಿ ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹೊಳೆಯ ಮೇಲ್ಭಾಗದ ಶೃಂಗೇರಿ ಕಡೆ ಹೊಯ್ದಿದ್ದರೆ ಸಂಜೆಗೆ ನಿಮ್ಮೂರಲ್ಲಿ ತುಂಗೆ ಏರುತ್ತೆ. ತೀರ್ಥಹಳ್ಳಿಯವರು ಹೊಳೆ ನಡುವಿನ ರಾಮಮಂಟಪ ಎಷ್ಟು ಮುಳುಗಿದೆ ಅಂತ ನೋಡಿಯೇ ಮಳೆಯ ಅಂದಾಜು ಹೇಳೋದು. ಹೊಳವಾಗಿದೆ ಅಂತ ಹೊಳೆಗೆ ಇಳಿಯಬೇಡಿ, ತೋಡು, ಅಂದರೆ ಸಣ್ಣ ಹಳ್ಳ, ಅದನ್ನೂ ದಾಟಬೇಡಿ. ಅದರಲ್ಲೂ ಒಬ್ಬರೇ ಇದ್ದಾಗ ಬೇಡವೇ ಬೇಡ.

ಆರ್ದ್ರಾ ಮಳೆ ಆರದೆ ಹೊಯ್ಯುತ್ತೆ ಅಂತ ನಮ್ಮಲ್ಲಿ ಗಾದೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗಿನದು ಹಾಗೆ ಎಡೆಬಿಡದ ಮಳೆ, ಗುಡುಗು ಕಡಿಮೆ. ನನಗೆ ಹೆಚ್ಚು ಭಯ ಏಪ್ರಿಲ್, ಮೇ ಮತ್ತೆ ಅಕ್ಟೋಬರಿನ ಮಳೆ. ಮಧ್ಯಾಹ್ನ ಸುಡು ಬಿಸಿಲು, ಸಂಜೆ ಕಣ್ಣುಮುಚ್ಚಿ ತೆಗೆಯೋದರೊಳಗೆ ಸಿಡಿಲು. ಮಿಂಚು ಕಂಡ ಮೇಲೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸೋದರೊಳಗೆ ಗುಡುಗು ಕೇಳಿದರೆ ಒಳಗಿರಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಕಾಲಿಡಬೇಡಿ. ಟಿವಿ, ಫ್ರಿಜ್, ಮೋಡೆಮ್ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಬೆಳಗ್ಗೆ ಕಾಲೇಜಿಗೆ ಹೊರಡುವಾಗಲೇ ಕಿತ್ತು ಹೋಗೋ ಅಭ್ಯಾಸ ಮಾಡಿಕೊಳ್ಳಿ, ಸಂಜೆ ನಾಲ್ಕಕ್ಕೆ ನಿಮ್ಮ ಬದಲು ಕೀಳೋಕೆ ಮನೆಯಲ್ಲಿ ಯಾರೂ ಇರಲ್ಲ. ದಾಮಿನಿ ಅಂತ ಆ್ಯಪ್ ಇದೆ, ಹತ್ತಿರ ಸಿಡಿಲು ಹೊಡೆಯುವ ಸಂಭವ ಇದ್ದರೆ ತಿಳಿಸುತ್ತೆ.

ಹವಾಮಾನ ಇಲಾಖೆ "ಭಾರೀ" ಅಂದರೆ ದಿನಕ್ಕೆ 64.5 ಮಿ.ಮೀ. ದಾಟಬಹುದು ಅಂತ, "ಅತಿ ಭಾರೀ" ಅಂದರೆ 115.6 ದಾಟಬಹುದು ಅಂತ ಅರ್ಥ. ಎರಡನೆಯದನ್ನು ಕೇಳಿದ ದಿನ ನಾನು ಮೂರು ಕೆಲಸ ಮಾಡ್ತೀನಿ. ಹಂಡೆ, ಕೊಡ ತುಂಬಿಸ್ತೀನಿ, ಫೋನೂ ಟಾರ್ಚೂ ಚಾರ್ಜಿಗೆ ಹಾಕ್ತೀನಿ, ಮಗನಿಗೆ "ಇನ್ನು ಎರಡು ದಿನ ಫೋನ್ ಸಿಗದಿದ್ದರೆ ಗಾಬರಿ ಬೀಳಬೇಡ, ಮೂರನೇ ದಿನ ಪಕ್ಕದ ಮನೆಗೆ ಮಾಡು" ಅಂತ ಹೇಳಿಡ್ತೀನಿ. ಕರೆಂಟ್ ದೂರಿಗೆ 1912.

ಇನ್ನೊಂದು. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಬೇಡಿ. ಅದರ ವಿಷಗಾಳಿಗೆ ವಾಸನೆ ಇಲ್ಲ. ಬಟ್ಟೆ ಒಣಗಿಸೋಕೂ ಬೇಡ.

ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು, ಹೊಸನಗರ ತಾಲ್ಲೂಕು

ಎಲ್ಲರೂ ಮಳೆಗಾಲದ ಬಗ್ಗೆಯೇ ಹೇಳ್ತಿದ್ದಾರೆ, ನಾನು ಮಳೆ ಬಿಟ್ಟ ಮೇಲಿನದನ್ನ ಹೇಳ್ತೀನಿ. ಡಿಸೆಂಬರ್ ಬಂತು ಅಂದ್ರೆ ಬೆಳಗ್ಗೆ ಮಂಜು, ಮಧ್ಯಾಹ್ನ ಹಿತವಾದ ಬಿಸಿಲು, ಎಲ್ಲರಿಗೂ ಕಾಡಿನಂಚಲ್ಲಿ ಓಡಾಡೋ ಆಸೆ. ಅದೇ ಹೊತ್ತಿಗೆ ರಕ್ತ ಹೀರೋ ಉಣುಗುಗಳೂ ಹೆಚ್ಚಾಗ್ತವೆ. ಅವು ಕಚ್ಚಿ ಹರಡೋ ಮಂಗನ ಕಾಯಿಲೆ ಅನ್ನೋ ಜ್ವರ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ತೀರ್ಥಹಳ್ಳಿ ಭಾಗದಲ್ಲೂ ಪ್ರಕರಣಗಳು ಬರ್ತವೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗೋದಿದ್ದರೆ ಉದ್ದ ತೋಳಿನ ಬಟ್ಟೆ ಹಾಕಿ. ಆರೋಗ್ಯ ಕೇಂದ್ರದಲ್ಲಿ ಮೈಗೆ ಹಚ್ಚೋ ಡೆಪಾ ಎಣ್ಣೆ ಕೊಡ್ತಾರೆ, ಕೇಳಿ ಪಡೀರಿ. ವಾಪಸ್ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸಿ.

ಒಬ್ಬರೇ ಇರುವವರು ಜ್ವರ ಬಂದರೆ ಏನು ಮಾಡ್ತಾರೆ ಅಂದ್ರೆ, ಒಂದು ಮಾತ್ರೆ ನುಂಗಿ ಹೊದ್ದು ಮಲಗಿಬಿಡ್ತಾರೆ. "ಹವಾ ಬದಲಾಗಿದೆ, ಅದಕ್ಕೇ" ಅಂತಾರೆ. ನಾಲ್ಕನೇ ದಿನ ಕರೆತಂದಾಗ ಅವರಿಗೆ ಮಾತಾಡೋ ಶಕ್ತಿಯೂ ಇರಲ್ಲ. ಮನೆಯಲ್ಲಿ ಇನ್ನೊಬ್ಬರಿದ್ದರೆ ಎರಡನೇ ದಿನವೇ ಎಳೆದುಕೊಂಡು ಬರ್ತಿದ್ರು. ನೀವು ಒಬ್ಬರೇ ಆದ್ದರಿಂದ ಮೊದಲ ದಿನವೇ ಬನ್ನಿ. ಮಳೆಗಾಲದಲ್ಲಿ ಕೆಸರು ನೀರಲ್ಲಿ ನಡೆದ ಮೇಲೆ ಜ್ವರ, ಮೀನಖಂಡ ನೋವು ಬಂದರೂ ಹಾಗೆಯೇ, ಇಲಿಜ್ವರ ಇರಬಹುದು.

ಉಂಬಳಕ್ಕೆ, ಅಂದ್ರೆ ಕಾಲಿಗೆ ಹತ್ತೋ ಜಿಗಣೆಗೆ, ಹೆದರಬೇಡಿ. ಉಪ್ಪು ಮುಟ್ಟಿಸಿದರೆ ಬಿಡುತ್ತೆ.

ಕೇಳಿದಾಕಿ

ಎಲ್ಲಾರೂ ಇಷ್ಟು ಮನಸಿಟ್ಟು ಬರದೀರಿ, ಓದಿ ಕಣ್ಣು ತುಂಬಿ ಬಂತು. ನಮ್ಮವ್ವಗ ಫೋನಿನ್ಯಾಗ ಓದಿ ಹೇಳಿದೆ. ಕಿಟಕಿ ಮಾತು ಕೇಳಿ ಆಕಿಗೆ ಭಾಳ ಸಮಾಧಾನ ಆತು. ಅಕ್ಕಾರ, ಇನ್ನೊಂದ ಕೇಳ್ತೀನ್ರಿ. ಸಂಜೀಮುಂದ ಆರಕ್ಕ ಕತ್ತಲಿ, ಕರೆಂಟ್ ಇಲ್ಲ, ಹೊರಗ ಮಳಿ ಸಪ್ಪಳ ಬಿಟ್ರ ಏನೂ ಇಲ್ಲ. ಆವಾಗ ಮನಸಿಗೆ ಹೆಂಗ ಮಾಡ್ಕೋತೀರಿ?

ಕೊಪ್ಪದಿಂದ

ಕಷ್ಟ ಇದೆ, ಇಲ್ಲ ಅನ್ನಲ್ಲ. ಮೊದಲ ಎರಡು ವರ್ಷ ಆಗಸ್ಟ್ ಬಂದ್ರೆ ಸುಮ್ಮನೆ ಅಳು ಬರ್ತಿತ್ತು. ಬಿಸಿಲಲ್ಲಿ ಬೆಳೆದ ಮೈ ನಮ್ಮದು, ಬೆಳಕು ಕಡಿಮೆಯಾದ್ರೆ ಮನಸ್ಸೂ ಇಳಿಯುತ್ತೆ. ನಾನು ಮಾಡಿಕೊಂಡಿದ್ದು ಇಷ್ಟು: ಸಂಜೆ ಐದೂವರೆಗೆ, ಇನ್ನೂ ಬೆಳಕಿರುವಾಗಲೇ, ಅಡುಗೆ ಶುರು ಮಾಡ್ತೀನಿ. ಕತ್ತಲಾಗೋ ಹೊತ್ತಿಗೆ ಕೈಯಲ್ಲಿ ಕೆಲಸ ಇರುತ್ತೆ, ಮನೆಯಲ್ಲಿ ಒಗ್ಗರಣೆ ವಾಸನೆ ಇರುತ್ತೆ. ಬುಧವಾರ, ಶನಿವಾರ ಎದುರು ಮನೆಯಲ್ಲಿ ಊಟ, ಆ ದಿನ ಸಾರು ನನ್ನದು, ಅನ್ನ ಅವರದು. ಜುಲೈನಲ್ಲಿ ಅವರು ಎಳೆ ಬಿದಿರಿನ ಕಳಲೆ ಪಲ್ಯ ಮಾಡ್ತಾರೆ, ಕೆಸುವಿನೆಲೆಯ ಪತ್ರೊಡೆ ಮಾಡ್ತಾರೆ. ಎಲೆಗೆ ಹಿಟ್ಟು ಸವರಿ ಸುತ್ತೋಕೆ ನಾನು ಕೂರ್ತೀನಿ. ಹಾಗೆ ಕೂತಾಗ ಮಳೆಯ ಸದ್ದು ಕೇಳಿಸಿದ್ದೇ ಗೊತ್ತಾಗಲ್ಲ.

ಒಂದು ವಾರ ಬಿಟ್ಟೂಬಿಡದೆ ಹೊಯ್ದರೆ, ಹೊಳವಿಗೆ ಕಾಯದೆ ನೆನೆದುಕೊಂಡಾದರೂ ಒಮ್ಮೆ ಪೇಟೆಗೆ ಹೋಗಿ ಬನ್ನಿ. ನಾಲ್ಕು ಜನರ ಮುಖ ನೋಡಿ, ಒಂದು ಕಾಫಿ ಕುಡಿದು ಬನ್ನಿ. ಒಳಗೇ ಕೂತರೆ ಮನಸ್ಸಿಗೂ ಬೂಷ್ಟು ಹಿಡಿಯುತ್ತೆ.

ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಬಸ್ಸಿದೆ. ನೀವು ಬಂದ ಮೇಲಿನ ಮೊದಲ ಭಾನುವಾರ ನಮ್ಮನೆಗೆ ಬನ್ನಿ, ಆ ಬಚ್ಚಲ ಬಾಗಿಲನ್ನೂ ತೋರಿಸ್ತೀನಿ. ಜೋಳದ ಹಿಟ್ಟು ಒಂದು ಕಿಲೋ ತಂದರೆ ಸಾಕು. ರೊಟ್ಟಿ ಬಡಿಯೋದು ಎದುರು ಮನೆ ಅಮ್ಮನಿಗೆ ನೋಡಬೇಕಂತೆ.